ಇಪ್ಪತ್ತೆಂಟು ದಿನ ಅಲ್ಲಾಡಬಾರದ ದುಡ್ಡು

ಕಳೆದ ವರ್ಷ, 2025ರ ಮಳೆಗಾಲ. ಪಕ್ಕದ ತೋಟದವರು ನಮ್ಮ ಜಗಲಿಯಲ್ಲಿ ಕೂತು, ಕಾಫಿ ಕುಡಿದು, ಲೋಟ ಕೆಳಗಿಟ್ಟು ಕೇಳಿದರು: "ಅಣ್ಣ, ಎರಡು ಲಕ್ಷ ಇದ್ರೆ ಕೊಡಿ. ಖರ್ಚು ಮಾಡಲ್ಲ. ಅಕೌಂಟಲ್ಲಿ ಸುಮ್ನೆ ಇಟ್ಟಿರ್ತೀನಿ."

ಸಾಲ ಕೇಳುವವರನ್ನು ನಾನು ಬಹಳ ನೋಡಿದ್ದೇನೆ. ಗೊಬ್ಬರಕ್ಕೆ ಕೇಳುತ್ತಾರೆ, ಮದುವೆಗೆ ಕೇಳುತ್ತಾರೆ, ಆನೆ ಮುರಿದ ಬೇಲಿ ಕಟ್ಟಿಸಲು ಕೇಳುತ್ತಾರೆ. ಖರ್ಚೇ ಮಾಡದೆ ಇಡುವುದಕ್ಕೆ ಕೇಳಿದವರು ಇವರೇ ಮೊದಲು.

ವಿಷಯ ಏನೆಂದರೆ, ಅವರ ಮಗನಿಗೆ ಇಂಗ್ಲೆಂಡಿನಲ್ಲಿ ಒಂದು ವರ್ಷದ ಎಂಎಸ್‌ಸಿ ಸೀಟು ಸಿಕ್ಕಿತ್ತು. ಸೀಟು ಸಿಕ್ಕರೆ ಸಾಲದು, ವೀಸಾ ಬೇಕು. ವೀಸಾ ಬೇಕಾದರೆ ದುಡ್ಡಿದೆ ಅಂತ ತೋರಿಸಬೇಕು. ಕಟ್ಟದೆ ಉಳಿದ ಫೀಸು, ಅದರ ಮೇಲೆ ಒಂಬತ್ತು ತಿಂಗಳ ಊಟ-ಬಾಡಿಗೆ. ಆಗಿನ ಲೆಕ್ಕದಲ್ಲಿ ಲಂಡನ್ ಆದರೆ ತಿಂಗಳಿಗೆ 1,483 ಪೌಂಡ್, ಲಂಡನ್ ಹೊರಗೆ 1,136. ಅಷ್ಟೂ ದುಡ್ಡು ಹುಡುಗನ ಅಥವಾ ಅಪ್ಪ-ಅಮ್ಮನ ಖಾತೆಯಲ್ಲಿ ಸತತ 28 ದಿನ ಇರಬೇಕು. ಒಂದು ದಿನ ಕಮ್ಮಿಯಾದರೂ ಎಣಿಕೆ ಮತ್ತೆ ಒಂದರಿಂದ.

ಪೌಂಡಿನ ಲೆಕ್ಕ ನಮ್ಮ ತಲೆಗೆ ಹತ್ತುವುದಿಲ್ಲ. ನಮ್ಮ ಕರೆನ್ಸಿ ಚೀಲ. ಐವತ್ತು ಕೆಜಿ ರೋಬಸ್ಟಾ ಚೆರಿ, ಅಂದರೆ ಒಣಗಿಸಿದ ಕಾಫಿ ಹಣ್ಣು. ಮೂರೂವರೆ ಸಾವಿರಕ್ಕೂ ಕೇಳುವವರಿಲ್ಲದ ಕಾಲ ನೋಡಿದವರು ನಾವು. ಈಚೆಗೆ ಹತ್ತು ಸಾವಿರ ದಾಟಿ, ಊರಿಗೆಲ್ಲ ಸ್ವಲ್ಪ ಧೈರ್ಯ ಬಂದಿತ್ತು. ಆ ಧೈರ್ಯದಲ್ಲೇ ಇವರ ಮಗ ಅರ್ಜಿ ಹಾಕಿದ್ದು.

ಫೀಸು 18,000 ಪೌಂಡ್. ಮುಂಗಡ 5,000 ಕಟ್ಟಿ ಆಗಿತ್ತು. ಉಳಿದ 13,000ಕ್ಕೆ ಒಂಬತ್ತು ತಿಂಗಳ 10,224 ಸೇರಿಸಿ, ಪೌಂಡಿಗೆ ನೂರ ಹದಿನೈದು ಹಿಡಿದರೆ ಇಪ್ಪತ್ತಾರು ಮುಕ್ಕಾಲು ಲಕ್ಷ. ಅಂದರೆ 267 ಚೀಲ. ಅವರ ತೋಟದಲ್ಲಿ ಒಳ್ಳೆ ವರ್ಷಕ್ಕೆ ಬರುವುದೇ ನೂರ ಇಪ್ಪತ್ತು ಚೀಲ. ಎರಡು ವರ್ಷದ ಫಸಲಿಗಿಂತ ಜಾಸ್ತಿ ದುಡ್ಡು ಬ್ಯಾಂಕಿನಲ್ಲಿ ಕೈಕಟ್ಟಿ ಕೂರಬೇಕು.

"ಎಜುಕೇಶನ್ ಲೋನ್ ತಗೊಳ್ಳಿ ಮಾರಾಯ್ರೆ" ಅಂದೆ. ಲೋನ್ ಮಂಜೂರಾದ ಪತ್ರ ಇದ್ದರೆ ಈ 28 ದಿನದ ತಪಸ್ಸು ಬೇಕಿಲ್ಲ.

ಅವರು ನಕ್ಕರು. ಬ್ಯಾಂಕಿಗೆ ಹೋಗಿ ಬಂದಿದ್ದರು. ಅಷ್ಟು ದೊಡ್ಡ ಸಾಲಕ್ಕೆ ಆಸ್ತಿ ಅಡ ಇಡಬೇಕು. ಇವರದ್ದು ಜಮ್ಮಾ ಬಾಣೆ, ಕೊಡಗಿನಲ್ಲಿ ಇಡೀ ಕುಟುಂಬಕ್ಕೆ ತಲೆತಲಾಂತರದಿಂದ ಬಂದ ಜಮೀನು. ಪಹಣಿಯಲ್ಲಿ ಇರುವುದು ಮುತ್ತಜ್ಜನ ಹೆಸರು. ಮ್ಯಾನೇಜರ್ ಪಹಣಿ ತಿರುಗಿಸಿ ಮುರುಗಿಸಿ ನೋಡಿ, "ಇವರು ಬಂದು ಸಹಿ ಹಾಕ್ತಾರಾ?" ಅಂತ ಕೇಳಿದರಂತೆ. ಮುತ್ತಜ್ಜ ಹೋಗಿ ಎಪ್ಪತ್ತು ವರ್ಷ. ಹಾಗಾದರೆ ಕುಟುಂಬದವರೆಲ್ಲ ಒಪ್ಪಿ ಸಹಿ ಹಾಕಲಿ ಅಂದರು. ಎಲ್ಲರೂ ಅಂದರೆ ಮೂವತ್ತೊಂದು ಜನ. ಅದರಲ್ಲಿ ಒಬ್ಬರು ದುಬೈಯಲ್ಲಿ, ಇಬ್ಬರು ಆಸ್ಟ್ರೇಲಿಯಾದಲ್ಲಿ, ಒಬ್ಬರು ಮಾತು ಬಿಟ್ಟು ಹದಿನಾಲ್ಕು ವರ್ಷ. ದುಬೈಯವರನ್ನು ಹಿಡಿಯಬಹುದು. ಮಾತು ಬಿಟ್ಟವರದ್ದು ಮೂರನೇ ಮನೆ, ಅಲ್ಲಿಗೆ ಹೋಗುವುದು ಹೇಗೆ?

ಸರಿ, ದುಡ್ಡು ಕೂಡಿಸಲು ಶುರು ಮಾಡಿದರು. ಭಾವಮೈದ ಐದು ಲಕ್ಷ. ಅಕ್ಕ ಮೆಣಸು ಮಾರಿದ ನಾಲ್ಕು ಲಕ್ಷ. ಸುಬೇದಾರ್ ಆಗಿ ನಿವೃತ್ತರಾದ ಮಾವ ಆರು ಲಕ್ಷ. ನನ್ನದು ಎರಡು. ಮಿಕ್ಕಿದ್ದು ಅವರಿವರದ್ದು. ಮಿಲಿಟರಿ ಮಾವ ಆ ಅಕೌಂಟಿಗೆ ಕಾವಲು ನಿಂತರು. ದಿನಾ ಬೆಳಿಗ್ಗೆ ಏಳಕ್ಕೆ ಫೋನ್ ಮಾಡಿ ದುಡ್ಡಿನ ಹಾಜರಿ ತಗೊಳ್ಳುತ್ತಿದ್ದರು.

ನಮ್ಮ ಮಳೆ ಗೊತ್ತಲ್ವಾ? ಮರ ಬಿದ್ದು ಮೂರು ದಿನ ಕರೆಂಟಿಲ್ಲ, ಟವರ್ ಇಲ್ಲ. ದುಡ್ಡು ಇದೆಯೋ ಹೋಯಿತೋ ನೋಡಲು ಅಪ್ಪ, ಮಗ ಜೀಪು ಹತ್ತಿ ಮಡಿಕೇರಿಗೆ ಹೋಗಿ ಬಂದರು. ಇತ್ತು.

ಈ ನಡುವೆ ಬೇರೆ ಖರ್ಚುಗಳು ತಮ್ಮ ಪಾಡಿಗೆ ನಡೆಯುತ್ತಿದ್ದವು. ಹುಡುಗ ಎಲ್‌ಕೆಜಿಯಿಂದ ಇಂಗ್ಲಿಷ್ ಮೀಡಿಯಂ. ಆದರೂ ಇಂಗ್ಲಿಷ್ ಬರುತ್ತದೆ ಅಂತ ಐಇಎಲ್‌ಟಿಎಸ್ ಬರೆದು ತೋರಿಸಬೇಕು. ವ್ಯಾಪಾರಿ ನಮ್ಮ ಕಾಫಿಯ ಓಟಿ, ಅಂದರೆ ಚೆರಿಯಲ್ಲಿ ಬೇಳೆ ಎಷ್ಟಿದೆ ಅಂತ ನೋಡುತ್ತಾನಲ್ಲ, ಹಾಗೆ. ಆ ಅಂಕಕ್ಕೆ ಎರಡೇ ವರ್ಷ ಆಯಸ್ಸು. ಆಮೇಲೆ ಇಂಗ್ಲಿಷ್ ಕೆಟ್ಟು ಹೋಗುತ್ತದಂತೆ. ನಮ್ಮ ಕಾಳುಮೆಣಸು ಇದಕ್ಕಿಂತ ಜಾಸ್ತಿ ದಿನ ತಡೆಯುತ್ತದೆ.

ವೀಸಾ ಫೀಸು 524 ಪೌಂಡ್: ಆರು ಚೀಲ. ಹುಡುಗನಿಗೆ ಕ್ಷಯ ಇಲ್ಲ ಅಂತ ಎಕ್ಸ್‌ರೇ ತೆಗೆಸಿ ಸರ್ಟಿಫಿಕೇಟು. ಆರೋಗ್ಯವಾಗಿದ್ದಾನೆ ಅಂತ ಗೊತ್ತಾದ ಮೇಲೆ, ಕಾಯಿಲೆ ಬಿದ್ದರೆ ಇರಲಿ ಅಂತ ಹೆಲ್ತ್ ಸರ್‌ಚಾರ್ಜ್. ವರ್ಷಕ್ಕೆ 776 ಪೌಂಡ್. ಓದು ಒಂದೇ ವರ್ಷದ್ದು, ಆದರೆ ವೀಸಾ ಕೊಡುವುದು ಅದರ ಮೇಲೆ ನಾಲ್ಕು ತಿಂಗಳು ಸೇರಿಸಿ. ಆ ನಾಲ್ಕು ತಿಂಗಳಿಗೆ ಅರ್ಧ ವರ್ಷದ ಲೆಕ್ಕ. ಒಟ್ಟು 1,164 ಪೌಂಡ್. ಹದಿಮೂರು ಚೀಲ, ಒಂದು ಸಲ ಕೆಮ್ಮುವುದಕ್ಕೂ ಮುಂಚೆ.

ಕನ್ಸಲ್ಟೆನ್ಸಿಯ ಹುಡುಗ ಮಾತ್ರ ಬಂಗಾರದಂಥವನು. "ನಮಗೆ ಒಂದು ರೂಪಾಯಿನೂ ಕೊಡ್ಬೇಡಿ ಅಂಕಲ್" ಅನ್ನುತ್ತಿದ್ದ. ಅವನ ಕಮಿಷನ್ ಯೂನಿವರ್ಸಿಟಿಯಿಂದ ಬರುತ್ತದೆ. ಯೂನಿವರ್ಸಿಟಿಗೆ ಎಲ್ಲಿಂದ ಬರುತ್ತದೆ ಅಂತ ಅಂಕಲ್ ಕೇಳಲಿಲ್ಲ.

ನನಗೆ ಸಿಟ್ಟು ಬಂದಿದ್ದು ಇನ್ನೊಂದಕ್ಕೆ. ಇಂಗ್ಲೆಂಡಿನಲ್ಲಿ ಅಲ್ಲಿನ ಮಕ್ಕಳ ಬಿಎ, ಬಿಎಸ್‌ಸಿ ಫೀಸಿಗೆ ಸರ್ಕಾರವೇ ಮಿತಿ ಹಾಕಿದೆ. 2025-26ಕ್ಕೆ ವರ್ಷಕ್ಕೆ 9,535 ಪೌಂಡ್, ಅದಕ್ಕಿಂತ ಮೇಲೆ ಕೇಳುವ ಹಾಗಿಲ್ಲ. ಹೊರಗಿನಿಂದ ಹೋದವರಿಗೆ ಮಿತಿಯೇ ಇಲ್ಲ. ಅದೇ ಬೆಂಚು, ಅದೇ ಮೇಷ್ಟ್ರು, ರೇಟು ಬೇರೆ. "ಇದು ನ್ಯಾಯನಾ?" ಅಂತ ಜಗಲಿಯಲ್ಲಿ ಕೂತು ಜೋರಾಗಿಯೇ ಕೇಳಿದೆ.

ನನ್ನ ಹೆಂಡತಿ ಒಳಗಿನಿಂದ, "ಲಾಂಗ್ ವೀಕೆಂಡಿಗೆ ನಮ್ಮ ಹೋಮ್‌ಸ್ಟೇ ರೂಮಿಗೆ ಬೆಂಗಳೂರಿನವರ ಹತ್ತಿರ ಎಷ್ಟು ತಗೊಂಡ್ರಿ?" ಅಂದಳು.

ನಾನು ವಿಷಯ ಬದಲಾಯಿಸಿದೆ. ಮಾಂದಲಪಟ್ಟಿ ಬೆಟ್ಟಕ್ಕೆ ಟೂರಿಸ್ಟರನ್ನು ಹತ್ತಿಸುವ ಜೀಪಿನವರೂ ನಾವೂ ಇಷ್ಟು ವರ್ಷ ಮಾಡಿಕೊಂಡು ಬಂದಿದ್ದನ್ನೇ ಅವರು ಪದವಿ ಸಮೇತ ಮಾಡುತ್ತಿದ್ದಾರೆ. ನಮ್ಮ ಹುಡುಗ ಅಲ್ಲಿ ಟೂರಿಸ್ಟು, ಅಷ್ಟೇ.

ಹತ್ತೊಂಬತ್ತನೇ ದಿನ ಅನಾಹುತ ಆಯಿತು. ಬೆಳಗಿನ ಹಾಜರಿಯಲ್ಲಿ ಹದಿನೇಳು ರೂಪಾಯಿ ಎಪ್ಪತ್ತು ಪೈಸೆ ಕಾಣೆ. ಬ್ಯಾಂಕಿನವರು ಎಸ್‌ಎಂಎಸ್ ಕಳಿಸಿದ್ದಕ್ಕೆ ಚಾರ್ಜ್ ಕತ್ತರಿಸಿದ್ದರು. ಹದಿನೈದು ರೂಪಾಯಿ, ಮೇಲೆ ಜಿಎಸ್‌ಟಿ. ಇವರು ಪೈಸೆ ಲೆಕ್ಕ ಹಾಕಿ ಸರಿಯಾಗಿ ಬೇಕಾದಷ್ಟೇ ಇಟ್ಟಿದ್ದರು. ಮಿಲಿಟರಿ ಮಾವ ಬ್ಯಾಂಕಿಗೆ ಫೋನ್ ಮಾಡಿ ಆಡಿದ ಹಿಂದಿಯನ್ನು ಇಲ್ಲಿ ಬರೆಯುವಂತಿಲ್ಲ. ಎಣಿಕೆ ಮತ್ತೆ ಒಂದರಿಂದ ಶುರುವಾಯಿತು. ಸಾಲದ್ದಕ್ಕೆ ಪೌಂಡು ಏರಿತು, ಇನ್ನೂ ಐವತ್ತು ಸಾವಿರ ಕೂಡಿಸಬೇಕಾಯಿತು.

ಆಗಲೇ ನನಗೆ ನಮ್ಮ ಕೊನೆಯ ರಾಜ ಚಿಕ್ಕವೀರರಾಜೇಂದ್ರ ನೆನಪಾಗಿದ್ದು. 1834ರಲ್ಲಿ ಬ್ರಿಟಿಷರು ಅವನನ್ನು ಇಳಿಸಿ ಕೊಡಗು ತಗೊಂಡರು. 1852ರಲ್ಲಿ ಅವನು ಮಗಳು ಗೌರಮ್ಮನನ್ನು ಕರೆದುಕೊಂಡು ಇಂಗ್ಲೆಂಡಿಗೆ ಹಡಗು ಹತ್ತಿದ. ಮಗಳು ಇಂಗ್ಲಿಷರ ಹಾಗೆ ಬೆಳೆಯಲಿ ಅಂತ. ವಿಕ್ಟೋರಿಯಾ ರಾಣಿಯೇ ಅವಳಿಗೆ ಧರ್ಮಮಾತೆಯಾದಳು. ಇಂಥ ರೆಫರೆನ್ಸ್ ಲೆಟರ್ ಆಮೇಲೆ ಕೊಡಗಿನ ಯಾವ ಮಕ್ಕಳಿಗೂ ಸಿಕ್ಕಿಲ್ಲ. ಅವನಿಗೆ ಇನ್ನೊಂದು ಕೆಲಸವೂ ಇತ್ತು. ಈಸ್ಟ್ ಇಂಡಿಯಾ ಕಂಪನಿಯ ಹತ್ತಿರ ತನ್ನ ಮನೆತನದ ದುಡ್ಡಿದೆ, ಕೊಡಿಸಿ ಅಂತ ಅಲ್ಲಿನ ಕೋರ್ಟಿಗೆ ಹೋದ. 1859ರಲ್ಲಿ ಲಂಡನ್ನಿನಲ್ಲೇ ತೀರಿಕೊಂಡ. ದುಡ್ಡು ಕೈಗೆ ಬರಲಿಲ್ಲ. ಅವರ ಹತ್ತಿರ ನಮ್ಮ ದುಡ್ಡು ಎಷ್ಟು ದಿನ ಅಲ್ಲಾಡದೆ ಕೂರಬಲ್ಲದು ಅಂತ ಆಗಲೇ ತೋರಿಸಿ ಆಗಿದೆ. 28 ದಿನ ಯಾವ ಲೆಕ್ಕ?

ಅಂತೂ ವೀಸಾ ಬಂತು. ತೋರಿಸಿದ ದುಡ್ಡು ಬೇರೆ, ಕಟ್ಟುವ ದುಡ್ಡು ಬೇರೆ. ನೆಂಟರಿಗೆ ವಾಪಸ್ ಕೊಡಬೇಕಾದ್ದು ಕೊಟ್ಟು, ಮನೆಯ ಒಡವೆಯೆಲ್ಲ ಅಡ ಇಟ್ಟು ಫೀಸು ಕಟ್ಟಿದರು. 2025ರ ಏಪ್ರಿಲ್‌ನಿಂದ, ಓದಿಗೆ ಅಂತ ಹತ್ತು ಲಕ್ಷ ದಾಟಿ ಹೊರದೇಶಕ್ಕೆ ಕಳಿಸಿದರೆ ದಾಟಿದ್ದಕ್ಕೆ ನೂರಕ್ಕೆ ಐದು ಟಿಸಿಎಸ್ ಅಂತ ಮುಂಗಡ ತೆರಿಗೆ ಹಿಡಿಯುತ್ತಿದ್ದರು. ಎಜುಕೇಶನ್ ಲೋನಿನ ದುಡ್ಡಾದರೆ ಹಿಡಿಯುವುದಿಲ್ಲ. ಒಡವೆ ಸಾಲ ಎಜುಕೇಶನ್ ಲೋನ್ ಅಲ್ಲ. ಹಾಗಾಗಿ ಮುತ್ತಜ್ಜ ಬಂದು ಸಹಿ ಹಾಕದ ತಪ್ಪಿಗೆ ಇನ್ನೂ ಐವತ್ತು ಸಾವಿರ ಚಿಲ್ಲರೆ ಹೋಯಿತು. ರಿಟರ್ನ್ಸ್ ಹಾಕಿದರೆ ಬರುತ್ತದಂತೆ.

ಹುಡುಗನನ್ನು ಬೆಂಗಳೂರಿನ ಏರ್‌ಪೋರ್ಟಿಗೆ ಬಿಡಲು ನಾನೂ ಹೋಗಿದ್ದೆ. ಕುಶಾಲನಗರದಲ್ಲಿ ಕಾಫಿಗೆ ನಿಲ್ಲಿಸಿದೆವು. ಅಲ್ಲಿಂದ ಸ್ವಲ್ಪ ದೂರದಲ್ಲೇ, ಚಿಕ್ಕ ಅಳುವಾರದಲ್ಲಿ, ನಮ್ಮದೇ ಕೊಡಗು ವಿಶ್ವವಿದ್ಯಾಲಯ ಇದೆ. 2023ರಲ್ಲಿ ಶುರುವಾಗಿದ್ದು. ಎರಡು ವರ್ಷ ತುಂಬುವ ಹೊತ್ತಿಗೆ, ಹೊಸ ವಿಶ್ವವಿದ್ಯಾಲಯಗಳನ್ನು ನಡೆಸಲು ದುಡ್ಡಿಲ್ಲ, ಮುಚ್ಚೋಣ ಅಂತ ಸಂಪುಟ ಉಪಸಮಿತಿಯಲ್ಲಿ ಮಾತಾಯಿತು. ಆ ಪಟ್ಟಿಯಲ್ಲಿ ಇದೂ ಇತ್ತು. ನಾನು ಆ ದಿಕ್ಕಿಗೆ ಕೈ ತೋರಿಸಿದೆ. ಹುಡುಗ ಫೋನಿನಲ್ಲಿ ಪೌಂಡ್ ರೇಟು ನೋಡುತ್ತಿದ್ದ.

ಈಗ ಅವನು ಅಲ್ಲಿ ವಾರಕ್ಕೆ ಇಪ್ಪತ್ತು ಗಂಟೆ ಅಂಗಡಿಯೊಂದರಲ್ಲಿ ಸಾಮಾನು ಜೋಡಿಸುತ್ತಾನೆ. ಕಾಲೇಜು ನಡೆಯುವಾಗ ಅದಕ್ಕಿಂತ ಜಾಸ್ತಿ ದುಡಿಯುವಂತಿಲ್ಲ. ಇಲ್ಲಿ ಕಣದಲ್ಲಿ ಚೀಲ ಎತ್ತು ಅಂದರೆ ಬೆನ್ನುನೋವು ಅನ್ನುತ್ತಿದ್ದ.

ಜನವರಿಯಲ್ಲಿ ಹಣ್ಣು ಕೊಯ್ಲು ಜೋರಾಗಿತ್ತು. ಆಳುಗಳ ಬಟವಾಡೆಗೆ ನನ್ನ ಎರಡು ಲಕ್ಷ ಬೇಕಾಯಿತು. ಭಾವಮೈದ, ಅಕ್ಕ, ಮಾವ ಎಲ್ಲರೂ ತಗೊಂಡಾಗಿತ್ತು, ಸಂಕೋಚಕ್ಕೆ ಕೇಳದೆ ಉಳಿದವನು ನಾನೊಬ್ಬನೇ. ಹೋಗಿ ಕೇಳಿದೆ. ಕಾಫಿ ಕೊಟ್ಟರು. ಬಾಳೆಕಾಯಿ ಚಿಪ್ಸ್ ಕೊಟ್ಟರು.

"ನಿಮ್ಮ ದುಡ್ಡು ಹಾಗೇ ಇದೆ ಅಣ್ಣ, ಒಂಚೂರೂ ಅಲ್ಲಾಡಿಲ್ಲ" ಅಂದರು. ಆಮೇಲೆ ಒಳಗೆ ಓದುತ್ತಾ ಕೂತಿದ್ದ ಮಗಳ ಕಡೆ ನೋಡಿ ದನಿ ತಗ್ಗಿಸಿದರು. "ಇವಳದ್ದು ಮುಂದಿನ ತಿಂಗಳು ಐಇಎಲ್‌ಟಿಎಸ್. ಸುಮ್ನೆ ಈಗ ತೆಗೆದು ಆಮೇಲೆ ಮತ್ತೆ ಹಾಕೋದು ಯಾಕೆ, ಅಲ್ವಾ?"