ಹಡಗು ಹತ್ತುವ ಕುರಿ, ಟೆಂಪೋ ಹತ್ತುವ ಕರು

“ಜೀವಂತ ಕುರಿಗಳನ್ನ ಹಡಗಿಗೆ ತುಂಬಿ ಹೊರದೇಶಕ್ಕೆ ಕಳಿಸೋದು ನಿಲ್ಲುತ್ತಲ್ಲ, ಒಳ್ಳೇದೇ ಆಯ್ತು ಬಿಡು, ಪಾಪ ಆ ಕುರಿಗಳು” ಎಂದೆ. ಎದುರಿಗೆ ಊಟಕ್ಕೆ ಕೂತಿದ್ದ ಸಹೋದ್ಯೋಗಿ ಸ್ಯಾಂಡ್‌ವಿಚ್ ಕೆಳಗಿಟ್ಟ. “ನಿಮ್ಮ ಕಡೆ ಕೆಲಸಕ್ಕೆ ಬಾರದ ಎತ್ತನ್ನು ಏನು ಮಾಡ್ತೀರಿ?” ಎಂದು ಕೇಳಿದ. ಗೋಶಾಲೆಗೆ ಬಿಡ್ತೀವಿ ಎಂದೆ. “ಎಲ್ಲವನ್ನೂ?” ಎಂದ. ಜಗಳ ಗಿಗಳ ಏನಿಲ್ಲ, ಊಟ ಮುಗಿಸಿ ಎದ್ದು ಹೋದ. ನನಗೆ ಮಾತ್ರ ಮಧ್ಯಾಹ್ನ ಪೂರ್ತಿ ಅದೇ ಚುಚ್ಚುತ್ತಿತ್ತು.

ಅವನದು ಪಶ್ಚಿಮ ಆಸ್ಟ್ರೇಲಿಯಾದ ಕಟಾನಿಂಗ್ ಕಡೆಯ ಮನೆತನ. ಗೋಧಿ ಮತ್ತು ಕುರಿ. ಗಾಡಿಯ ಹಿಂದೆ ‘ಕೀಪ್ ದ ಶೀಪ್’ ಎಂಬ ಸ್ಟಿಕ್ಕರ್ ಅಂಟಿಸಿಕೊಂಡಿದ್ದಾನೆ. ಪರ್ತ್ ಸುತ್ತಮುತ್ತ ಇರುವವರಿಗೆ ಆ ಸ್ಟಿಕ್ಕರಿನ ಅರ್ಥ ಹೇಳಬೇಕಾಗಿಲ್ಲ. ಆಸ್ಟ್ರೇಲಿಯಾದಿಂದ ಜೀವಂತ ಕುರಿಗಳನ್ನು ಹಡಗಿನಲ್ಲಿ ಹೊರದೇಶಕ್ಕೆ ಕಳಿಸುವುದನ್ನು ನಿಲ್ಲಿಸುವ ಕಾನೂನು 2024ರಲ್ಲಿ ಪಾಸಾಯಿತು. 2028ರ ಮೇ 1ಕ್ಕೆ ಬಾಗಿಲು ಮುಚ್ಚುತ್ತದೆ. ಅದನ್ನು ವಿರೋಧಿಸುವ ರೈತರ ಘೋಷಣೆಯೇ ಆ ಸ್ಟಿಕ್ಕರು. ಅವರು ಟ್ರಕ್ಕುಗಳನ್ನು ಸಾಲಾಗಿ ನಗರದೊಳಗೇ ತಂದಿದ್ದರು.

ಇಲ್ಲಿಂದ ಹೋಗುವ ಕುರಿ ಹಡಗು ಹತ್ತುವುದು ಫ್ರೀಮ್ಯಾಂಟಲ್ ಬಂದರಿನಲ್ಲಿ. ಊರು ಚೆಂದ. ಕಾಫಿ, ಮೀನು, ವಾರಾಂತ್ಯದ ಜನ. ಆದರೆ ಕುರಿ ಹಡಗು ನಿಂತಿದ್ದು, ಗಾಳಿ ಈ ಕಡೆಗೆ ತಿರುಗಿದರೆ, ಕಾಫಿ ಗಂಟಲಲ್ಲಿ ಇಳಿಯುವುದಿಲ್ಲ. ಹಿಕ್ಕೆ, ಮೂತ್ರ, ಉಣ್ಣೆಯ ಜಿಡ್ಡು ಎಲ್ಲ ಸೇರಿದ ವಾಸನೆ. ಹಡಗು ಎಂದರೆ ತೇಲುವ ಕೊಟ್ಟಿಗೆ. ಒಂದರ ಮೇಲೊಂದು ಅಂತಸ್ತು, ಪಕ್ಕಗಳು ತೆರೆದೇ ಇರುತ್ತವೆ. ಟ್ರಕ್ಕು ಹಿಂದಕ್ಕೆ ಬಂದು ನಿಲ್ಲುತ್ತದೆ, ಇಳಿಜಾರಿನ ಮೇಲೆ ಕುರಿಗಳು ಒಂದನ್ನೊಂದು ತಳ್ಳಿಕೊಂಡು ಹತ್ತುತ್ತವೆ. ಹುಲ್ಲು ಮೇದು ಬೆಳೆದ ಕುರಿಗೆ ಹಡಗಿನಲ್ಲಿ ಸಿಗುವುದು ಒಣ ಗುಳಿಗೆಯಂಥ ಮೇವು. ಅದಕ್ಕಾಗಿ ಮೊದಲೇ ಕೆಲವು ದಿನ ದಡದಲ್ಲಿ ಕೂಡಿಹಾಕಿ ರೂಢಿ ಮಾಡಿಸುತ್ತಾರೆ. ಕೆಲವು ಕುರಿ ರೂಢಿಯಾಗುವುದೇ ಇಲ್ಲ. ಮೇವು ಮುಂದೆಯೇ ಇದ್ದರೂ ಉಪವಾಸ ಬಿದ್ದು ಸಾಯುತ್ತವೆ.

ಇನ್ನು ಸೆಕೆ. ಇಲ್ಲಿನ ಚಳಿಗಾಲಕ್ಕೆ ಉಣ್ಣೆ ಬೆಳೆಸಿಕೊಂಡ ಕುರಿ ಆಗೆಲ್ಲ ಆಗಸ್ಟಿನಲ್ಲೇ ಕೊಲ್ಲಿ ದೇಶಗಳ ಸಮುದ್ರಕ್ಕೆ ಹೋಗುತ್ತಿತ್ತು. ಕುರಿ ತನ್ನ ಮೈ ತಂಪು ಮಾಡಿಕೊಳ್ಳುವುದು ಹೆಚ್ಚಾಗಿ ತೇಕಿನಿಂದ. ಗಾಳಿಯಲ್ಲೇ ನೀರು ತುಂಬಿಕೊಂಡಿದ್ದರೆ ಎಷ್ಟು ತೇಕಿದರೂ ಪ್ರಯೋಜನವಿಲ್ಲ, ರಾತ್ರಿಯೂ ಸೆಕೆ ಇಳಿಯುವುದಿಲ್ಲ, ಕಾಲಡಿಯ ಗಟ್ಟಿ ಹಿಕ್ಕೆ ಕೆಸರಾಗುತ್ತದೆ. 2017ರ ಆಗಸ್ಟಿನಲ್ಲಿ ಅವಾಸಿ ಎಕ್ಸ್‌ಪ್ರೆಸ್ ಎಂಬ ಹಡಗಿನಲ್ಲಿ ಹೀಗೆ ಒಂದೇ ಪಯಣದಲ್ಲಿ ಸುಮಾರು 2,400 ಕುರಿ ಸತ್ತವು. ಸಿಬ್ಬಂದಿಯವನೊಬ್ಬ ಮೊಬೈಲಿನಲ್ಲಿ ಹಿಡಿದಿದ್ದ ವಿಡಿಯೋ 2018ರಲ್ಲಿ ಟಿವಿಯಲ್ಲಿ ಬಂತು. ಜನ ಸಿಟ್ಟಾಗಿದ್ದು ಆಗಲೇ.

ನನ್ನ ಸಹೋದ್ಯೋಗಿಯ ವಾದ ಬೇರೆ. ಮೆರಿನೋ ಕುರಿ ಸಾಕುವುದು ಉಣ್ಣೆಗೆ. ಬೀಜ ಒಡೆದ ಗಂಡು ಕುರಿ ಒಂದಷ್ಟು ವರ್ಷ ಉಣ್ಣೆ ಕೊಡುತ್ತದೆ, ಆಮೇಲೆ ಮೇವು ದಂಡ. ವಯಸ್ಸಾದ ಮಾಂಸಕ್ಕೆ ಇಲ್ಲಿ ಗಿರಾಕಿ ಕಡಿಮೆ. ಮಳೆ ಕೈಕೊಟ್ಟ ವರ್ಷ ಎಲ್ಲರೂ ಒಟ್ಟಿಗೆ ಮಾರಲು ಬಂದರೆ ಕಸಾಯಿಖಾನೆಯವರು ಹೇಳಿದ್ದೇ ರೇಟು. ಆಗ ಇನ್ನೊಬ್ಬ ಕೊಳ್ಳುವವನಿದ್ದ, ಅವನೇ ಹಡಗಿನವನು. ಅವನು ಕೊಂಡಿದ್ದು ಸ್ವಲ್ಪವೇ ಆದರೂ ರೇಟು ತೀರಾ ನೆಲ ಕಚ್ಚುತ್ತಿರಲಿಲ್ಲ. 2023ರ ಕೊನೆಯಲ್ಲಿ ರೇಟು ಬಿದ್ದು, ಸಾಗಿಸುವ ಖರ್ಚೂ ಹುಟ್ಟದೆ ಕೆಲವರು ಕುರಿಗಳಿಗೆ ಗುಂಡು ಹೊಡೆದ ಸುದ್ದಿ ಬಂದಿತ್ತು. ಲೆಕ್ಕಕ್ಕೆ ನೋಡಿದರೆ ವ್ಯಾಪಾರ ಈಗ ದೊಡ್ಡದೇನಲ್ಲ. 2000ದ ಸುಮಾರಿಗೆ ವರ್ಷಕ್ಕೆ 60 ಲಕ್ಷ ಕುರಿ ಹೋಗುತ್ತಿದ್ದವು, 2022–23ರ ಹೊತ್ತಿಗೆ ಅದು ಆರೂವರೆ ಲಕ್ಷಕ್ಕೆ ಇಳಿದಿತ್ತು. ಬಂದ ಹಣ 7.7 ಕೋಟಿ ಆಸ್ಟ್ರೇಲಿಯನ್ ಡಾಲರ್. ಅದೇ ವರ್ಷ ಕತ್ತರಿಸಿ ಪ್ಯಾಕ್ ಮಾಡಿ ಕಳಿಸಿದ ಕುರಿಮಾಂಸದಿಂದ ಬಂದಿದ್ದು 450 ಕೋಟಿ. ಆದರೆ ಕಟಾನಿಂಗ್ ಕಡೆಯವನಿಗೆ ದೇಶದ ಲೆಕ್ಕ ಯಾಕೆ ಬೇಕು, ಅವನ ದೊಡ್ಡಿಯಲ್ಲಿ ನಿಂತಿರುವ ಕುರಿಗೆ ಗಿರಾಕಿ ಯಾರು ಅನ್ನುವುದೇ ಅವನ ಲೆಕ್ಕ.

ಇದನ್ನು ಕೇಳುವಾಗ ನನಗೆ ನೆನಪಾಗಿದ್ದು ಚನ್ನರಾಯಪಟ್ಟಣದ ಹತ್ತಿರದ ನಮ್ಮ ಮಾವನ ಕೊಟ್ಟಿಗೆ. ಎಚ್‌ಎಫ್ ಹಸು, ಅಂದರೆ ಹಾಲಿಗೆಂದೇ ಸಾಕುವ ವಿದೇಶಿ ತಳಿಯದು, ಈಯುವ ರಾತ್ರಿ ಮನೆಮಂದಿಯೆಲ್ಲ ಲೈಟು ಹಿಡಿದು ನಿಂತಿರುತ್ತಾರೆ. ಕರು ಬೀಳುತ್ತದೆ. ಮಾವ ಬಗ್ಗಿ ಹಿಂಗಾಲು ಎತ್ತಿ ನೋಡುತ್ತಾರೆ. ಹೆಣ್ಣಾದರೆ ಅತ್ತೆ ಬಿಸಿನೀರು ತರುತ್ತಾರೆ, ಮಾತು, ನಗು, ಹೆಸರಿಡುವುದು. ಗಂಡಾದರೆ ಮಾವ “ಹೂಂ” ಎಂದು ಕೈ ತೊಳೆಯಲು ಹೋಗುತ್ತಾರೆ. ಗಿಣ್ಣು ಎರಡಕ್ಕೂ ಒಂದೇ ರುಚಿ, ಆ ಮಾತು ಬೇರೆ. ಗಂಡು ಕರುವಿಗೆ ಹಾಲು ಬಿಟ್ಟರೆ ಡೈರಿಗೆ ಹಾಕಲು ಹಾಲಿಲ್ಲ. ಎಚ್‌ಎಫ್ ಹೋರಿ ಬಿಸಿಲಲ್ಲಿ ಉಳುಮೆಗೆ ಬಗ್ಗುವುದೂ ಇಲ್ಲ, ಉಳಲು ಟ್ರ್ಯಾಕ್ಟರ್ ಇದೆ. ಮೊದಲು ಒಬ್ಬ ದಲ್ಲಾಳಿ ಸಂಜೆಗತ್ತಲಲ್ಲಿ ಬೈಕಿನಲ್ಲಿ ಬಂದು ಎರಡು ಮಾತಾಡಿ ಹೋಗುತ್ತಿದ್ದ. ಮಾರನೆಯ ದಿನ ಕರು ಇರುತ್ತಿರಲಿಲ್ಲ. ಎಲ್ಲಿಗೆ ಹೋಯಿತು ಎಂದು ಮಕ್ಕಳಾಗಿದ್ದ ನಾವು ಕೇಳಿದರೆ “ಸಂತೆಗೆ” ಎನ್ನುತ್ತಿದ್ದರು. ಸಂತೆಯಿಂದ ಎಲ್ಲಿಗೆ ಎಂದು ಯಾರೂ ಕೇಳುತ್ತಿರಲಿಲ್ಲ.

ಅಂದರೆ ಕಟಾನಿಂಗ್‌ನ ಕುರಿಯೂ ಚನ್ನರಾಯಪಟ್ಟಣದ ಕರುವೂ ಒಂದೇ ಸಮಸ್ಯೆ. ನಮಗೆ ಉಣ್ಣೆ ಬೇಕು, ಹಾಲು ಬೇಕು. ಅದರ ಜೊತೆ ಹುಟ್ಟುವ, ಬೇಡವಾದ ಗಂಡು ಪ್ರಾಣಿಯನ್ನು ಏನು ಮಾಡುವುದು? ಇವರು ಹಡಗಿಗೆ ಹತ್ತಿಸಿದರು. ನಾವು ಟೆಂಪೋಗೆ ಹತ್ತಿಸಿದೆವು. ವ್ಯತ್ಯಾಸ ಏನು ಗೊತ್ತಾ? ಇವರ ಹಡಗಿನಲ್ಲಿ ಎಷ್ಟು ಹತ್ತಿದವು, ಎಷ್ಟು ಸತ್ತವು ಅನ್ನುವುದು ಪ್ರತಿ ಪಯಣದ ಲೆಕ್ಕವಾಗಿ ಆರು ತಿಂಗಳಿಗೊಮ್ಮೆ ಸಂಸತ್ತಿನ ಮುಂದೆ ಬರುತ್ತದೆ. ಯಾರು ಬೇಕಾದರೂ ಓದಬಹುದು. ನಮ್ಮ ಟೆಂಪೋಗೆ ಅಂಥ ಲೆಕ್ಕವೇ ಇಲ್ಲ.

ಲೆಕ್ಕವೇ ಇಲ್ಲ ಅಂದರೆ ಪೂರ್ತಿ ಸರಿಯಲ್ಲ, ಜಾನುವಾರು ಗಣತಿ ಇದೆ. 2019ರ ಗಣತಿ ನೋಡಿ. 2012ಕ್ಕೆ ಹೋಲಿಸಿದರೆ ದೇಶದಲ್ಲಿ ಹಸುಗಳು ಶೇ. 18ರಷ್ಟು ಹೆಚ್ಚಾದವು. ಗಂಡು ದನಗಳು ಶೇ. 30ರಷ್ಟು ಕಡಿಮೆಯಾದವು. ಹಸು ಈಯುವುದು ಹೆಚ್ಚುಕಡಿಮೆ ಅರ್ಧ ಹೆಣ್ಣು, ಅರ್ಧ ಗಂಡು. ಹಸು ಜಾಸ್ತಿಯಾದರೆ ಹೋರಿ ಕರುಗಳೂ ಜಾಸ್ತಿ ಹುಟ್ಟಿರಬೇಕಲ್ವಾ? ಎಲ್ಲಿ ಹೋದವು? ಅದೇ ಗಣತಿಯಲ್ಲಿ ಬೀಡಾಡಿ ದನಗಳು 50 ಲಕ್ಷ ಎಂದಿದೆ. ಉಳಿದವುಗಳ ಬಗ್ಗೆ ಊರಲ್ಲಿ ಎಲ್ಲರಿಗೂ ಗೊತ್ತು, ಕಾಗದದಲ್ಲಿ ಯಾರಿಗೂ ಗೊತ್ತಿಲ್ಲ.

ಕರ್ನಾಟಕದ ಗೋಹತ್ಯೆ ತಡೆ ಕಾನೂನಿನ ಕಥೆಯೂ ಹಾಗೆಯೇ. 1964ರ ಕಾಯ್ದೆಯಲ್ಲಿ 12 ವರ್ಷ ದಾಟಿದ ಅಥವಾ ಕೆಲಸಕ್ಕೆ ಬಾರದ ಎತ್ತಿಗೆ ಸರ್ಟಿಫಿಕೇಟ್ ಪಡೆದು ಕಡಿಯಲು ಅವಕಾಶವಿತ್ತು. 2020ರ ಕಾಯ್ದೆ ಅದನ್ನು ತೆಗೆಯಿತು. 13 ವರ್ಷ ದಾಟಿದ ಎಮ್ಮೆ ಕೋಣ ಬಿಟ್ಟು ಬೇರೆ ಯಾವುದನ್ನೂ ಕಡಿಯುವಂತಿಲ್ಲ. ತಪ್ಪಿದರೆ 3ರಿಂದ 7 ವರ್ಷ ಜೈಲು. ಮೊದಲು ಸುಗ್ರೀವಾಜ್ಞೆ, ಆಮೇಲೆ 2021ರ ಫೆಬ್ರುವರಿಯಲ್ಲಿ ವಿಧಾನ ಪರಿಷತ್ತಿನ ಗದ್ದಲದ ನಡುವೆ ಧ್ವನಿಮತ. ಪರವಾಗಿದ್ದವರು ಗೋಮಾತೆ ಎಂದರು, ವಿರೋಧಿಸಿದವರು ಊಟದ ಹಕ್ಕು ಎಂದರು. ಮಾವನ ಕೊಟ್ಟಿಗೆಯಲ್ಲಿ ಕಟ್ಟಿರುವ ಕರುವಿನ ಮೇವು ಯಾರ ಖರ್ಚು ಅನ್ನುವುದು ಚರ್ಚೆಯ ಮಧ್ಯಕ್ಕೆ ಬರಲೇ ಇಲ್ಲ.

ಹಳ್ಳಿಕಾರ್ ಜೋಡಿ ಕಟ್ಟಿದವರನ್ನು ಕೇಳಿ. ವಯಸ್ಸಾದ ಜೋಡಿ ಮಾರಿ, ಅದಕ್ಕೆ ಒಂದಷ್ಟು ಸೇರಿಸಿ, ಜಾತ್ರೆಯಲ್ಲಿ ಹೊಸ ಜೋಡಿ ತರುವುದು ಲಾಗಾಯ್ತಿನಿಂದ ಬಂದ ಪದ್ಧತಿ. ಹಳೆ ಜೋಡಿಗೆ ರೇಟೇ ಇಲ್ಲ ಎಂದಾದರೆ ಹೊಸದರ ಹಣ ಪೂರ್ತಿ ಕೈಯಿಂದ ಹೋಗಬೇಕು. ಅಷ್ಟು ಕೊಡುವ ಬದಲು ಟ್ರ್ಯಾಕ್ಟರ್ ಬಾಡಿಗೆಗೆ ಕರೆಯುತ್ತಾನೆ. ಎತ್ತನ್ನು ಉಳಿಸಲು ಹೋಗಿ ಎತ್ತು ಸಾಕುವವನನ್ನೇ ಕಳೆದುಕೊಂಡಂತಾಯಿತು.

ಆಸ್ಟ್ರೇಲಿಯಾದವರು ಇದರಲ್ಲಿ ಪಾಠ ಕಲಿತದ್ದು ದುಬಾರಿಯಾಗಿ. 2011ರಲ್ಲಿ ಇಂಡೊನೇಷ್ಯಾದ ಕಸಾಯಿಖಾನೆಗಳ ಘೋರ ದೃಶ್ಯ ಟಿವಿಯಲ್ಲಿ ಬಂದಾಗ ಸರ್ಕಾರ ಅಲ್ಲಿಗೆ ದನ ಕಳಿಸುವುದನ್ನು ದಿಢೀರನೆ ನಿಲ್ಲಿಸಿತು. ಉತ್ತರದ ಸಾಕಣೆದಾರರು ಕೋರ್ಟಿಗೆ ಹೋದರು. 2020ರಲ್ಲಿ ಫೆಡರಲ್ ಕೋರ್ಟು ಆ ನಿಷೇಧ ಅಸಿಂಧು ಎಂದಿತು. ಅದಕ್ಕೇ ಇರಬೇಕು, ಈ ಸಲ ಕುರಿಗೆ ನಾಲ್ಕು ವರ್ಷ ಮೊದಲೇ ತಾರೀಖು ಕೊಟ್ಟರು. ರೈತರು ಬೇರೆ ದಾರಿ ಹುಡುಕಿಕೊಳ್ಳಲಿ ಎಂದು 10 ಕೋಟಿಗೂ ಹೆಚ್ಚು ಡಾಲರ್ ತೆಗೆದಿಟ್ಟರು, ಆಮೇಲೆ ಅದನ್ನು ಇನ್ನಷ್ಟು ಏರಿಸಿದರು. ಸಾಲದು ಅಂತ ನನ್ನ ಸಹೋದ್ಯೋಗಿ ಬೈಯುತ್ತಾನೆ. ಬೈಯಲಿ. ಬೈಯಲು ಅವನ ಕೈಯಲ್ಲಿ ಒಂದು ತಾರೀಖು, ಒಂದು ಮೊತ್ತ ಇದೆ. ನಮ್ಮ ಮಾವನ ಕೈಯಲ್ಲಿ ಏನಿದೆ?

ನಗು ಬರುವ ವಿಷಯ ಒಂದಿದೆ. ಜೀವಂತ ಪ್ರಾಣಿ ಕಳಿಸುವುದು ಅಂದರೆ ನಮ್ಮ ಜನಕ್ಕೂ ಬಹಳ ಸಿಟ್ಟು. 2018ರಲ್ಲಿ ನಾಗಪುರದಿಂದ ಶಾರ್ಜಾಕ್ಕೆ ವಿಮಾನದಲ್ಲಿ ಕುರಿ ಮೇಕೆ ಕಳಿಸುವ ಯೋಜನೆ ಪ್ರತಿಭಟನೆಗೆ ನಿಂತುಹೋಯಿತು. 2023ರ ಜೂನ್‌ನಲ್ಲಿ ಕೇಂದ್ರ ಸರ್ಕಾರ ಜಾನುವಾರು ಆಮದು–ರಫ್ತಿನ ಮಸೂದೆಯ ಕರಡು ಹೊರಡಿಸಿ, ಗಲಾಟೆ ನೋಡಿ ಅದೇ ತಿಂಗಳು ವಾಪಸ್ ಪಡೆಯಿತು. ಇತ್ತ ಎಮ್ಮೆ ಮಾಂಸ ಮಾತ್ರ ಪೆಟ್ಟಿಗೆಯಲ್ಲಿ ಹೆಪ್ಪುಗಟ್ಟಿ ವಿಯೆಟ್ನಾಂ, ಮಲೇಷ್ಯಾ, ಈಜಿಪ್ಟಿಗೆ ಹೋಗುತ್ತಲೇ ಇದೆ, ವರ್ಷಕ್ಕೆ 300 ಕೋಟಿ ಅಮೆರಿಕನ್ ಡಾಲರಿಗೂ ಮೇಲೆ. ಆಸ್ಟ್ರೇಲಿಯಾದ ಪ್ರಾಣಿದಯೆಯವರು ವರ್ಷಗಟ್ಟಲೆ ಬೇಡಿದ್ದು ಅದನ್ನೇ: ಜೀವಂತ ಕಳಿಸಬೇಡಿ, ಇಲ್ಲೇ ಕಡಿದು ಪೆಟ್ಟಿಗೆಯಲ್ಲಿ ಕಳಿಸಿ. ಎಮ್ಮೆಯ ವಿಷಯದಲ್ಲಿ ನಾವು ಆಸ್ಟ್ರೇಲಿಯಾಕ್ಕಿಂತ ಮುಂದಿದ್ದೇವೆ. ಹೇಳಿಕೊಳ್ಳಲು ಮಾತ್ರ ನಮಗೆ ನಾಚಿಕೆ.

ಇಷ್ಟೆಲ್ಲ ಬರೆದ ಮೇಲೆ ಇಲ್ಲಿಯವರ ಹುಳುಕನ್ನೂ ಹೇಳಬೇಕು, ಇಲ್ಲವಾದರೆ ಊರಿನ ಗೆಳೆಯರು ಬಿಡುವುದಿಲ್ಲ. ಕಾನೂನು ಬಂದಿರುವುದು ಸಮುದ್ರದ ಮೇಲೆ ಹೋಗುವ ಕುರಿಗೆ ಮಾತ್ರ. ದನಗಳು ಇವತ್ತಿಗೂ ಹಡಗು ಹತ್ತುತ್ತಿವೆ. ನ್ಯೂಜಿಲೆಂಡ್ 2023ರಲ್ಲೇ ಹಡಗಿನ ಸಾಗಣೆ ಪೂರ್ತಿ ನಿಲ್ಲಿಸಿತು, ಅದೂ ಅಲ್ಲಿಂದ ಹೊರಟ ಗಲ್ಫ್ ಲೈವ್‌ಸ್ಟಾಕ್ 1 ಹಡಗು 2020ರಲ್ಲಿ ಜಪಾನಿನ ಹತ್ತಿರ ಮುಳುಗಿ 41 ಜನ, ಸುಮಾರು 6,000 ದನ ಹೋದ ಮೇಲೆ. ಇನ್ನು ಆಸ್ಟ್ರೇಲಿಯಾದ ನೆಲದ ಮೇಲಿನ ನಿಯಮದಲ್ಲಿ ಬೆಳೆದ ಕುರಿ ದನಗಳನ್ನು 48 ಗಂಟೆ ನೀರಿಲ್ಲದೆ ಸಾಗಿಸಬಹುದು, ನಾನು ಎರಡು ಸಲ ಓದಿಕೊಂಡೆ. ಇಲ್ಲಿನ ಡೈರಿಗಳ ಗಂಡು ಕರುಗಳ ಗತಿ ಕೇಳಿದರೆ ಮಾವನ ಕೊಟ್ಟಿಗೆಯೇ ವಾಸಿ ಅನ್ನಿಸುತ್ತದೆ. ಬಹಳಷ್ಟು ಕರುಗಳು ಒಂದು ತಿಂಗಳೂ ತುಂಬದೆ ಕಸಾಯಿಖಾನೆ ಸೇರುತ್ತವೆ.

ಸಹೋದ್ಯೋಗಿ ಹೇಳುವ ಇನ್ನೊಂದು ಮಾತನ್ನೂ ತಳ್ಳಿಹಾಕಲಾರೆ. ಇಲ್ಲಿಂದ ಕುರಿ ನಿಂತರೆ ಕೊಲ್ಲಿಯವರು ಸುಡಾನ್, ರೊಮೇನಿಯಾದಿಂದ ತರಿಸುತ್ತಾರೆ. 2019ರಲ್ಲಿ ರೊಮೇನಿಯಾದ ಬಂದರಿನ ಹತ್ತಿರ ಕ್ವೀನ್ ಹಿಂದ್ ಹಡಗು 14,000 ಕುರಿಗಳ ಸಮೇತ ಮಗುಚಿತು. 2022ರಲ್ಲಿ ಸುಡಾನಿನ ಸುವಾಕಿನ್‌ನಲ್ಲಿ ಇನ್ನೊಂದು, 15,000 ಕುರಿ. ಅಲ್ಲಿ ವಿಡಿಯೋ ತೆಗೆದು ಕಳಿಸುವವನೂ ಇಲ್ಲ, ಓದುವ ಸಂಸತ್ತೂ ಇಲ್ಲ.

ಮತ್ತೆ, ನಮ್ಮಲ್ಲಿ ಎಲ್ಲರೂ ಟೆಂಪೋಗೆ ಹತ್ತಿಸಿದರು ಅನ್ನುವುದೂ ಸುಳ್ಳು. ಮಾವನೇ ಒಂದು ಎತ್ತನ್ನು ಕಣ್ಣು ಹೋದ ಮೇಲೂ ಕೊನೆಯ ತನಕ ಕಟ್ಟಿ ಮೇಯಿಸಿದರು, ಸತ್ತಾಗ ತೋಟದಲ್ಲಿ ಗುಂಡಿ ತೆಗೆದು ಹೂತರು. ಕಾನೂನಿಗೆ ಹೆದರಿ ಅಲ್ಲ, ಆಗ ಆ ಕಾನೂನು ಇರಲೂ ಇಲ್ಲ. ಅಂಥದ್ದನ್ನು ಕಟಾನಿಂಗ್‌ನಲ್ಲಿ ಯಾರಾದರೂ ಮಾಡಿದ್ದನ್ನು ನಾನು ಕೇಳಿಲ್ಲ. ಆದರೆ ಒಬ್ಬ ಒಳ್ಳೆಯ ಮನುಷ್ಯನ ಒಂದು ಎತ್ತಿನ ಮೇಲೆ ರಾಜ್ಯಕ್ಕೆಲ್ಲ ಕಾನೂನು ಮಾಡಲು ಬರುವುದಿಲ್ಲ.

ನನಗೆ ಬೇಕಿರುವುದು ಸಣ್ಣದು. ಪ್ರತಿ ತಾಲೂಕಿನ ಗೋಶಾಲೆಗೆ ಎಷ್ಟು ಗಂಡು ಕರು ಬಂದವು, ವರ್ಷದ ಕೊನೆಗೆ ಎಷ್ಟು ಉಳಿದವು, ಮೇವಿಗೆ ಎಷ್ಟು ಖರ್ಚಾಯಿತು ಎಂದು ಆರು ತಿಂಗಳಿಗೊಮ್ಮೆ ವಿಧಾನಸಭೆಯ ಮುಂದೆ ಇಡಲಿ. ಕಾಯ್ದೆ ಇರಲಿ, ಹೋಗಲಿ, ಆಮೇಲೆ ಜಗಳ ಆಡೋಣ. ಇದನ್ನು ಫೋನಿನಲ್ಲಿ ಮಾವನಿಗೆ ಹೇಳಿದೆ. ಪೂರ್ತಿ ಕೇಳಿಸಿಕೊಂಡರು. “ಲೆಕ್ಕ ಬರ್ಕೊಳ್ಳೋಕೆ ಬರೋನು ಬರ್ತಾ ಒಂದು ಹೊರೆ ಹುಲ್ಲು ತರ್ತಾನೋ ಇಲ್ವೋ, ಅದು ಮೊದಲು ಕೇಳಪ್ಪಾ” ಎಂದರು.