ಕಾಲುಂಗುರ ಕಳಚಿದ ಅಕ್ಷರಗಳು

ಯಾವುದೋ ಕಂಪನಿ ಹೊಸ ಲೋಗೋ ಬಿಡುಗಡೆ ಮಾಡುತ್ತಿದೆ ಅಂದರೆ, ಅದು ಹೇಗಿರುತ್ತದೆ ಅಂತ ನಾನು ಕಣ್ಣು ಮುಚ್ಚಿಕೊಂಡೇ ಹೇಳಬಲ್ಲೆ. ದಪ್ಪ ಅಕ್ಷರ. ಸುತ್ತ ಖಾಲಿ ಬಿಳಿ ಜಾಗ. ಬಳೆಯಂತೆ ಗುಂಡಗಿರುವ ಒಂದು 'ಓ'. ಜೊತೆಗೊಂದು ಪ್ರಕಟಣೆ: ನಾವು ಎಲ್ಲರಂತಲ್ಲ.

ಇಂಗ್ಲಿಷ್ ಅಕ್ಷರಗಳ ತುದಿಯಲ್ಲಿ ಚಾಚಿಕೊಂಡಿರುವ ಪುಟ್ಟ ಗೀಟುಗಳೇ ಸೆರಿಫ್. ಅಕ್ಷರ ತೊಟ್ಟ ಕಾಲುಂಗುರ ಅನ್ನಿ. ಅದನ್ನು ಕಿತ್ತರೆ ಸ್ಯಾನ್ಸ್. ಉಳಿದ ಮೈಯನ್ನು ಕೈವಾರ, ಸ್ಕೇಲ್ ಹಿಡಿದು ತಿದ್ದಿದರೆ ಜ್ಯಾಮಿತಿಯ ಸ್ಯಾನ್ಸ್. ಮೇಲೆ ತುಪ್ಪ ಸುರಿದು ಮೈ ಬರಿಸಿದರೆ ಬೋಲ್ಡ್. 2015ರಲ್ಲಿ ಗೂಗಲ್ ಕಾಲುಂಗುರ ಕಳಚಿತು. 2018ರಲ್ಲಿ ಬ್ರಿಟನ್ನಿನ ಫ್ಯಾಷನ್ ಕಂಪನಿ ಬರ್ಬೆರಿಯೂ ಕಳಚಿತು, 2023ರಲ್ಲಿ ಮತ್ತೆ ತೊಟ್ಟಿತು. ಕಳಚಿದ್ದೂ ಸುದ್ದಿ, ತೊಟ್ಟಿದ್ದೂ ಸುದ್ದಿ.

ಲೋಗೋ ತೋರಿಸುವ ಸಭೆಯ ಮಜಾನೇ ಬೇರೆ. ಡಿಸೈನರ್ 'ಓ' ಸುತ್ತ ತೆಳ್ಳಗೆ ಒಂದು ಕೆಂಪು ವೃತ್ತ ಎಳೆದು, "ನೋಡಿ, ಶುದ್ಧ ಜ್ಯಾಮಿತಿ" ಅನ್ನುತ್ತಾರೆ. ಎಲ್ಲರೂ ತಲೆದೂಗುತ್ತಾರೆ. ಸುಳ್ಳು ಸ್ವಾಮಿ! 'ಎಚ್' ಪಕ್ಕ ಅಷ್ಟೇ ಎತ್ತರದ ವೃತ್ತ ಇಟ್ಟರೆ ಅದು ಕುಗ್ಗಿದಂತೆ ಕಾಣುತ್ತದೆ. ಅದಕ್ಕೇ 'ಓ'ವನ್ನು ಮೇಲೆ ಕೆಳಗೆ ಕೂದಲೆಳೆಯಷ್ಟು ಗೆರೆ ದಾಟಿಸುತ್ತಾರೆ. ಸುತ್ತಲೂ ಒಂದೇ ದಪ್ಪ ಇಟ್ಟರೆ ನೆತ್ತಿ, ತಳ ಭಾರ ಅನ್ನಿಸುತ್ತದೆ, ಅಲ್ಲಿ ಸ್ವಲ್ಪ ಕೆತ್ತುತ್ತಾರೆ. ಸಣ್ಣ 'ಎನ್'ನ ಕಮಾನು ಕಂಬಕ್ಕೆ ಸೇರುವ ಕಡೆಯೂ ತೆಳ್ಳಗೆ ಮಾಡಬೇಕು, ಇಲ್ಲದಿದ್ದರೆ ಮಸಿ ಚೆಲ್ಲಿದ ಹಾಗಿರುತ್ತದೆ. ಅಂದರೆ ಕೈವಾರದ ತಪ್ಪನ್ನು ಕಣ್ಣು ತಿದ್ದಿದರೇನೇ ಅದು ಜ್ಯಾಮಿತಿಯಂತೆ ಕಾಣುವುದು. ಫ್ಯೂಚುರಾ ಎಂಬ ಜ್ಯಾಮಿತಿಯ ಅಕ್ಷರಶೈಲಿ ರೂಪಿಸಿದ ಜರ್ಮನಿಯ ಪಾಲ್ ರೆನ್ನರ್‌ಗೆ ಇದು ಗೊತ್ತಿತ್ತು. ಅವರ ಮೊದಲ ಕರಡಿನಲ್ಲಿ ಸಣ್ಣ 'ಆರ್' ಅಂದರೆ ಒಂದು ಕಡ್ಡಿ, ಪಕ್ಕದಲ್ಲೊಂದು ಚುಕ್ಕೆ, ಅಷ್ಟೇ. 1927ರಲ್ಲಿ ಫ್ಯೂಚುರಾ ಮಾರುಕಟ್ಟೆಗೆ ಬರುವ ಹೊತ್ತಿಗೆ ಅಂಥ ಹುಡುಗಾಟ ಬಹಳಷ್ಟು ಕಳಚಿತ್ತು.

ಅದೇ ಫ್ಯೂಚುರಾ 1969ರಲ್ಲಿ ಅಪೋಲೊ 11ರ ಫಲಕದ ಮೇಲೆ ಕೂತು ಚಂದ್ರನಿಗೂ ಹೋಯಿತು. ಅಲ್ಲಿ ಸೊಗಸಾಗೇ ಕಂಡಿರಬೇಕು ಬಿಡಿ, ಪಕ್ಕದಲ್ಲಿ ಬೇರೆ ಬೋರ್ಡೇ ಇರಲಿಲ್ಲವಲ್ಲ. ಇಲ್ಲಿ ಕೆಳಗೆ ಎಲ್ಲರೂ ಬೋಲ್ಡ್. ಶೀರ್ಷಿಕೆ ಬೋಲ್ಡ್, ಬಟನ್ ಬೋಲ್ಡ್, ಕ್ಷಮೆ ಕೇಳುವ ಪತ್ರವೂ ಬೋಲ್ಡ್. ಎಲ್ಲರೂ ಪಲ್ಲಕ್ಕಿ ಏರಿದರೆ ಹೊರುವವರು ಯಾರು?

ಬಳಕೆಯ ವಿಷಯಕ್ಕೆ ಬಂದರೆ, ನನಗೂ ಒಂದು ಕಂಪನಿ ಹೊಸ ಪಾಸ್‌ವರ್ಡ್ ಕಳಿಸಿತ್ತು. ಅದೂ ತನ್ನ "ವಿಶಿಷ್ಟ" ಅಕ್ಷರದಲ್ಲೇ. ಶುರುವಿನಲ್ಲೇ ಮೂರು ಕಡ್ಡಿ ಸಾಲಾಗಿ ನಿಂತಿದ್ದವು. ಒಂದಕ್ಕೂ ತಲೆಯಿಲ್ಲ, ಪಾದವಿಲ್ಲ. ದೊಡ್ಡ 'ಐ' ಇರಬಹುದು ಅಂದುಕೊಂಡು ಒತ್ತಿದೆ. ತಪ್ಪು. ಸಣ್ಣ 'ಎಲ್' ಒತ್ತಿದೆ. ತಪ್ಪು. ಎರಡನ್ನೂ ಬೆರೆಸಿ ಒತ್ತಿದೆ. ಖಾತೆ ಲಾಕ್ ಆಯಿತು. ತಕ್ಷಣ ಪರದೆ ತುಂಬ ಒಂದು ಸಂದೇಶ ಬಂತು: "ದಯವಿಟ್ಟು ಅಕ್ಷರಗಳನ್ನು ಸರಿಯಾಗಿ ನೋಡಿ ಟೈಪ್ ಮಾಡಿ."

ಬೋಲ್ಡ್‌ನಲ್ಲೇ.