ಪಿಥಿಯಾ ಬೇರೆ, ಸಿಬಿಲ್ಲಾ ಬೇರೆ: ಒಂದು ಸ್ಪಷ್ಟನೆ

"ಪ್ರಾಚೀನ ಗ್ರೀಸಿನ ಡೆಲ್ಫಿಯಲ್ಲಿ ಸಿಬಿಲ್ಲಾ ಎಂಬ ಒಬ್ಬಳೇ ಹೆಂಗಸು ನೂರಾರು ವರ್ಷ ಭವಿಷ್ಯ ಹೇಳಿದಳು, ಅವಳಿಗೇ ಪಿಥಿಯಾ ಅಂತಲೂ ಹೆಸರು" ಎಂಬ ಸಂದೇಶ ವಾಟ್ಸಾಪ್‌ನಲ್ಲಿ ಓಡಾಡುತ್ತಿದೆ. ಇದು ತಪ್ಪು.

ಪಿಥಿಯಾ ಅನ್ನೋದು ಡೆಲ್ಫಿಯ ಅಪೊಲೊ ದೇವರ ಗುಡಿಯ ಒಂದು ಹುದ್ದೆ. ಒಬ್ಬಳು ತೀರಿಕೊಂಡರೆ ಊರಿನ ಇನ್ನೊಬ್ಬ ಹೆಂಗಸು ಆ ಜಾಗಕ್ಕೆ ಬರುತ್ತಿದ್ದಳು. ಮುಕ್ಕಾಲಿಯ ಮೇಲೆ ಕೂತು, ಕೇಳಲು ಬಂದವರಿಗೆ ಉತ್ತರ ಕೊಡುತ್ತಿದ್ದಳು. ಜನ ಜಾಸ್ತಿ ಬರುತ್ತಿದ್ದ ಕಾಲದಲ್ಲಿ ಇಬ್ಬರು ಸರದಿಯಂತೆ ಕೂರುತ್ತಿದ್ದರು, ಮೂರನೆಯವಳು ತಯಾರಾಗಿರುತ್ತಿದ್ದಳು. ಇದನ್ನು ಬರೆದಿಟ್ಟ ಪ್ಲುಟಾರ್ಕ್ ಅದೇ ಗುಡಿಯ ಪೂಜಾರಿ. ಅದಕ್ಕಿಂತ ಒಳ್ಳೆ ಸಾಕ್ಷಿ ಬೇಕಾ?

ಸಿಬಿಲ್ಲಾ ಕಥೆಯೇ ಬೇರೆ. ಯಾರೂ ಕೇಳದಿದ್ದರೂ ಮೈದುಂಬಿ ನುಡಿಯುವವಳು. ಮೊದಲು ಒಬ್ಬಳೇ ಅಂದುಕೊಂಡಿದ್ದರು. ಆಮೇಲೆ ಎರಿಥ್ರೇ, ಕ್ಯೂಮೆ ಹೀಗೆ ಊರಿಗೊಬ್ಬಳು ಸೇರಿಕೊಂಡಳು. ರೋಮಿನ ವಿದ್ವಾಂಸ ವಾರ್ರೊ 10 ಮಂದಿಯ ಪಟ್ಟಿಯನ್ನೇ ಮಾಡಿದ. ಅದರಲ್ಲಿ ಡೆಲ್ಫಿಯವಳೂ ಒಬ್ಬಳಿದ್ದಾಳೆ; ಗೊಂದಲ ಶುರುವಾದದ್ದು ಅಲ್ಲಿಂದಲೇ ಇರಬೇಕು.